ಬಿಲ್ಲಿಗೆ ಮೊದಲು ಓದಬೇಕಾದ ಚೀಟಿ

(ಕುರುಬರಹಳ್ಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ದೊಡ್ಡ ಭಾಷಣ ನನಗೆ ಬರೋದಿಲ್ಲ. ನಮ್ಮ ಮನೇಲಿ ನಡೆದದ್ದನ್ನೇ ಹೇಳ್ತೀನಿ. ಅದರಲ್ಲಿ ನನ್ನ ತಪ್ಪೂ ಇದೆ.

ನಮ್ಮ ಸೋದರಮಾವ ಪೀಣ್ಯದಲ್ಲಿ ಕಂಟ್ರಾಕ್ಟ್ ಕೂಲಿ. ಒಂದು ರಾತ್ರಿ ಬಾಯಿ ಸೊಟ್ಟಗಾಗಿ ಬಲಗೈ ಬಿದ್ದುಹೋಯಿತು. ಆಟೋದಲ್ಲಿ ಹಾಕಿಕೊಂಡು ಕಣ್ಣಿಗೆ ಬಿದ್ದ ಖಾಸಗಿ ಆಸ್ಪತ್ರೆಗೆ ಓಡಿದೆವು. ಮೊದಲು ಮೂವತ್ತು ಸಾವಿರ ಕಟ್ಟಿ, ಆಮೇಲೆ ಒಳಗೆ ಅಂದರು. ಅತ್ತೆಯ ಓಲೆ ಗಿರವಿಗೆ ಹೋಯಿತು. ಅದು ಸಾಲದೆ ನೂರಕ್ಕೆ ಐದರ ಬಡ್ಡಿಗೆ ಸಾಲ. ಎಂಟನೇ ದಿನಕ್ಕೆ ಬಿಲ್ಲು ಎರಡು ಲಕ್ಷ ದಾಟಿತು. ದುಡ್ಡು ಕಟ್ಟಿ ಮನುಷ್ಯನನ್ನು ಕರಕೊಂಡು ಹೋಗಿ ಅಂದರು. ಮನುಷ್ಯನನ್ನೂ ಒತ್ತೆ ಇಟ್ಟುಕೊಳ್ತಾರೆ ಅಂತ ಅವತ್ತು ಗೊತ್ತಾಯಿತು. ಆ ಸಾಲ ತೀರಿಸೋಕೆ ಮಾವನ ಮಗಳು ಪಿಯುಸಿ ಬಿಟ್ಟು ಗಾರ್ಮೆಂಟ್ಸ್ ಸೇರಿದಳು.

ಆಮೇಲೆ ಒಂದು ದಿನ ಟ್ರಂಕಿನಲ್ಲಿ ಮಾವನ ಸಂಬಳದ ಚೀಟಿಗಳು ಸಿಕ್ಕವು. ತಿಂಗಳು ತಿಂಗಳೂ ಇ.ಎಸ್.ಐ. ಅಂತ ದುಡ್ಡು ಹಿಡಿದಿದ್ದಾರೆ! ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇಲ್ಲಿಗೆ ಎಷ್ಟು ದೂರ? ಮಾವನಿಗೆ ಅಕ್ಷರ ಬಾರದು. ನನಗೆ ಬರ್ತಿತ್ತು. ಹಾಸ್ಟೆಲ್ ಅನ್ನ ತಿಂದು ಬಿ.ಎ. ಮುಗಿಸಿದ ನಾನು ಆ ಚೀಟಿಯನ್ನು ಒಂದು ದಿನವೂ ಕೈಗೆತ್ತಿಕೊಂಡು ನೋಡಿರಲಿಲ್ಲ.

ಇ.ಎಸ್.ಐ. ಯಾರದೋ ಧರ್ಮ ಅಲ್ಲ. 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರ ಕೈಯಲ್ಲಿತ್ತು. ಕಾರ್ಮಿಕರ ಆರೋಗ್ಯ ವಿಮೆಗೆ ಯೋಜನೆ ಬರೆಯಲು 1943ರಲ್ಲಿ ಅದಾರ್ಕರ್ ಅವರನ್ನು ನೇಮಿಸಿದ್ದು, 1944ರಲ್ಲಿ ಅವರ ವರದಿ ಬಂದದ್ದು ಆ ಕಾಲದಲ್ಲೇ. 1948ರಲ್ಲಿ ಕಾಯಿದೆಯಾಯಿತು. 2019ರ ಜುಲೈಯಿಂದ ಕೂಲಿಯ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲು ಮೂರೂಕಾಲು. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಉಂಟು. ಕೂಲಿಯಿಂದ ಹಿಡಿದು ಕಟ್ಟದೆ ನುಂಗಿದರೆ ಅದು ಅಪರಾಧ.

ಇ.ಎಸ್.ಐ. ಇಲ್ಲದ ಮನೆಗೆಲಸದವರು, ಊದುಬತ್ತಿ ಹೊಸೆಯುವವರು, ಗಾರೆ ಕೆಲಸದವರು ಏನು ಮಾಡಬೇಕು? 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ಚೀಟಿ ಬರೆದು ಬೇರೆ ಕಡೆ ಕಳಿಸಬೇಕು. ತುರ್ತಿದ್ದರೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು. ಈ ಕ್ರಮ ಗೊತ್ತಿಲ್ಲದೆ ನಮ್ಮ ಜನ ಮೊದಲು ಬಡ್ಡಿಯವನ ಮನೆಗೆ ಹೋಗ್ತಾರೆ.

ಬಾಗಿಲಲ್ಲಿ ತಡೆದರೆ ಕಾನೂನು ಹೇಳಿ. ಗಾಯಗೊಂಡವನ ಜೀವ ಉಳಿಸೋದು ಪ್ರತಿ ವೈದ್ಯನ ಕರ್ತವ್ಯ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. ಬಂಗಾಳದಲ್ಲಿ ರೈಲಿಂದ ಬಿದ್ದ ಕೂಲಿಯೊಬ್ಬನನ್ನು ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲ ಅಂತ ಅಟ್ಟಿದವು. 1996ರಲ್ಲಿ ಅದೇ ಕೋರ್ಟು ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಬಂತು. ತುರ್ತಿನಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ, ಬಾಕಿಗಾಗಿ ಹೆಣ ಹಿಡಿದಿಡುವಂತಿಲ್ಲ. ಬಾಯಲ್ಲಿ ಕೇಳಿದರೆ ಗದರ್ತಾರೆ. ಕಾಗದದಲ್ಲಿ ಬರೆದು ಕೊಡಿ. ಏನೇನಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬಿಲ್ಲು ಕೇಳಿ.

ಕಾರ್ಡು ಇದ್ದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳೋಲ್ಲ. ಹಾಸಿಗೆ ಸಾಲದು, ಔಷಧಿ ಸಾಲದು. ಅದಕ್ಕೆ ಹೋರಾಟ ನಡೀಬೇಕು. ಆದರೆ ಇರುವ ಹಕ್ಕನ್ನೇ ಕೇಳದವರು ಇಲ್ಲದ್ದನ್ನು ಹೇಗೆ ಕೇಳ್ತಾರೆ?

ಈ ಭಾನುವಾರ ಮನೆಗೆ ಹೋದವರು ಒಂದು ಕೆಲಸ ಮಾಡಿ. ಅಪ್ಪನ, ಅವ್ವನ ಸಂಬಳದ ಚೀಟಿ ಓದಿ. ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರು ಇದೆಯಾ ನೋಡಿ. ಪಕ್ಕದ ಮನೆಯವರದನ್ನೂ ಓದಿಕೊಡಿ. ರಾತ್ರಿ ಯಾರಿಗಾದರೂ ಜೀವಕ್ಕೆ ಬಂದರೆ ಓಲೆ ಬಿಚ್ಚೋದಕ್ಕೆ ಮೊದಲು ಓದಿದ ಒಬ್ಬ ಹುಡುಗನೋ ಹುಡುಗಿಯೋ ಜೊತೆಗಿರಬೇಕು. ನಮ್ಮ ಮಾವನ ಜೊತೆ ನಾನಿದ್ದೆ. ಇದ್ದೂ ಇಲ್ಲದಂಗಿದ್ದೆ. ನೀವು ಹಾಗಾಗಬೇಡಿ.

ಜೈ ಭೀಮ್.