ಕಾಯೋತ್ಸರ್ಗ ಮತ್ತು ಆತ್ಮಪರಿಶೀಲನೆ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



 ಶಾಸ್ತ್ರಾರ್ಥವನ್ನು ಬಗೆದು ಹೇಳಲು ನಾನು ಪಂಡಿತನಲ್ಲ, ವ್ಯಾಪಾರಿ. ದಿನದ ಕೊನೆಗೆ ಲೆಕ್ಕವನ್ನು ತಾಳೆ ನೋಡುವುದು ನಮ್ಮ ವೃತ್ತಿಧರ್ಮ. ಆ ದೃಷ್ಟಿಯಿಂದಲೇ ಕಾಯೋತ್ಸರ್ಗವನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮ ಮುಂದಿಡುತ್ತೇನೆ.

ಜಿನಬಿಂಬಗಳು ಎರಡೇ ಭಂಗಿಗಳಲ್ಲಿ ಕಾಣಸಿಗುತ್ತವೆ. ಒಂದು ಕುಳಿತ ಧ್ಯಾನಾಸನ, ಇನ್ನೊಂದು ನಿಂತ ಕಾಯೋತ್ಸರ್ಗ. ಕೈಯಲ್ಲಿ ಆಯುಧವಿಲ್ಲ, ಮುಖದಲ್ಲಿ ರೋಷವಿಲ್ಲ, ಮೈಮೇಲೆ ಆಭರಣವಿಲ್ಲ. ನಮ್ಮ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಾಹುಬಲಿ ಸುಮಾರು 18 ಅಡಿ ಎತ್ತರ. ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಮೂರ್ತಿ ಸುಮಾರು 58 ಅಡಿ. ಅಳತೆ ಬೇರೆಯಾದರೂ ನಿಲುವು ಒಂದೇ. ಅಭಿಷೇಕವನ್ನು ಕಣ್ತುಂಬ ನೋಡಿ ಬರುವ ನಾವು, ಆ ನಿಲುವು ನಮಗೇನನ್ನು ಕಲಿಸುತ್ತದೆಂದು ಕೇಳಿಕೊಳ್ಳುವುದು ಅಪರೂಪ.

ಕಾಯೋತ್ಸರ್ಗವೆಂದರೆ ಕಾಯದ ಮೇಲಿನ ಮಮಕಾರವನ್ನು ಬಿಡುವುದು, ಕಾಯವನ್ನು ದ್ವೇಷಿಸುವುದಲ್ಲ. ಕಟ್ಟೆಮಳಲವಾಡಿಯ ಅಣೆಕಟ್ಟೆ ಲಕ್ಷ್ಮಣತೀರ್ಥದ ನೀರನ್ನು ತಡೆಯುವುದು ನೀರಿನ ಮೇಲಿನ ಹಗೆಯಿಂದೇನು? ಅದನ್ನು ಕಾಲುವೆಗೆ ತಿರುಗಿಸಿ ಗದ್ದೆಗೆ ಉಣಿಸಲೆಂದಲ್ಲವೇ? ಹಾಗೆಯೇ ಮನ, ವಚನ, ಕಾಯಗಳ ಓಟವನ್ನು ಕ್ಷಣಕಾಲ ತಡೆದು ಜೀವನವನ್ನು ಸನ್ಮಾರ್ಗಕ್ಕೆ ತಿರುಗಿಸುವುದೇ ಇದರ ಉದ್ದೇಶ.

ಮುನಿಗಳ ಆರು ಆವಶ್ಯಕಗಳಲ್ಲಿ ಕಾಯೋತ್ಸರ್ಗವೂ ಒಂದು. ಶ್ರಾವಕರೂ ಸಾಮಾಯಿಕದಲ್ಲಿ ಇದನ್ನು ಆಚರಿಸುತ್ತಾರೆ. ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿರಿಸಿ, ತೋಳುಗಳನ್ನು ಇಳಿಬಿಟ್ಟು, ಅಂಗಾಂಗಗಳನ್ನು ಚಲಿಸದೆ ನಿಲ್ಲಬೇಕು. ಒಂದು ಪಂಚನಮಸ್ಕಾರ ಮಂತ್ರಕ್ಕೆ ಮೂರು ಉಸಿರಿನಂತೆ ಒಂಬತ್ತು ಮಂತ್ರಗಳಿಗೆ 27 ಉಸಿರು. ದಿನದ ಪ್ರತಿಕ್ರಮಣಕ್ಕೆ 108 ಉಸಿರು, ರಾತ್ರಿಯದಕ್ಕೆ 54 ಉಸಿರು ಎಂದು ಶಾಸ್ತ್ರವು ಕಾಲವನ್ನು ಉಸಿರಿನಿಂದಲೇ ಅಳೆದಿದೆ. ಗಡಿಯಾರ ನೋಡಿ ನಿಂತವನಿಗೆ ಸಮಯ ಮಾತ್ರ ತಿಳಿಯುತ್ತದೆ. ಉಸಿರು ಎಣಿಸಿ ನಿಂತವನಿಗೆ ತನ್ನ ಸ್ಥಿತಿಯೂ ತಿಳಿಯುತ್ತದೆ.

ವಟ್ಟಕೇರಾಚಾರ್ಯರ ಕೃತಿಯೆನ್ನಲಾಗುವ ‘ಮೂಲಾಚಾರ’ವು ಕಾಯೋತ್ಸರ್ಗಕ್ಕೆ 32 ದೋಷಗಳನ್ನು ಹೇಳುತ್ತದೆ. ಕುದುರೆಯಂತೆ ಒಂದು ಕಾಲನ್ನೆತ್ತಿ ನಿಲ್ಲುವುದು ಘೋಟಕ ದೋಷ. ಬಳ್ಳಿಯಂತೆ ಓಲಾಡುವುದು ಲತಾ ದೋಷ. ಕಂಬಕ್ಕೆ ಒರಗುವುದು, ಗೋಡೆಗೆ ಆತುಕೊಳ್ಳುವುದು, ಕಾಗೆಯಂತೆ ಓರೆನೋಟ ಬೀರುವುದು, ಕಡಿವಾಣ ಬಿಗಿದ ಕುದುರೆಯಂತೆ ಹಲ್ಲು ಕಡಿಯುವುದು, ನೊಗ ಹೊತ್ತ ಎತ್ತಿನಂತೆ ಕೊರಳು ಚಾಚುವುದು, ಬೇಲದ ಹಣ್ಣನ್ನು ಹಿಡಿದಂತೆ ಮುಷ್ಟಿ ಬಿಗಿಯುವುದು, ಬೆರಳೆಣಿಸುವುದು, ಹುಬ್ಬು ಕುಣಿಸುವುದು, ಇವೆಲ್ಲವೂ ದೋಷಗಳೇ.

ಇವನ್ನು ಬರಿಯ ನಿಷೇಧಗಳೆಂದು ಓದದೆ, ನಮ್ಮನ್ನು ನಾವು ನೋಡಿಕೊಳ್ಳುವ ಕನ್ನಡಿಯೆಂದು ಓದಬೇಕೆಂಬುದೇ ನನ್ನ ವಿನಂತಿ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು ಮನಸ್ಸಿನಲ್ಲಿ ಹುಟ್ಟಿದರೂ ಅವುಗಳ ಗುರುತು ದೇಹದಲ್ಲಿ ಬೀಳುತ್ತದೆ. ಬಾಕಿ ಕೇಳಲು ಹೊರಟವನ ದವಡೆ ಮಾತಿಗೆ ಮೊದಲೇ ಬಿಗಿದಿರುತ್ತದೆ. ದಾನಿಗಳ ಪಟ್ಟಿಯಲ್ಲಿ ಹೆಸರು ಓದುವಾಗ ಕೊರಳು ತಾನಾಗಿ ನೆಟ್ಟಗಾಗುತ್ತದೆ. ತೂಕದಲ್ಲಿ ಕಪಟವೆಣಿಸಿದವನ ಕಣ್ಣು ಗಿರಾಕಿಯ ಕಣ್ಣನ್ನು ತಪ್ಪಿಸುತ್ತದೆ. ಕೊಡಬೇಕಾದ ಹಣ ಕೈಯಲ್ಲಿದ್ದರೆ ಬೆರಳುಗಳು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ‘ನನಗೆ ಕೋಪವಿಲ್ಲ’ ಎಂದು ನಾಲಗೆ ಹೇಳಬಹುದು. ಬಿಗಿದ ಮುಷ್ಟಿ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಗುರುತು ಮೊದಲೇ ಕಂಡರೆ ಕಟುನುಡಿ ಹೊರಡುವ ಮುನ್ನ ತಡೆಯಬಹುದು. ಒಡೆದ ಮನೆಗಳೆಷ್ಟೋ, ಮುರಿದ ಪಾಲುದಾರಿಕೆಗಳೆಷ್ಟೋ, ಈ ಒಂದು ಕ್ಷಣದ ಎಚ್ಚರವಿದ್ದಿದ್ದರೆ ಉಳಿಯುತ್ತಿದ್ದವು.

ಆದರೆ ದೇಹ ನಿಶ್ಚಲವಾದ ಮಾತ್ರಕ್ಕೆ ಎಲ್ಲವೂ ಸಾಧಿಸಿತೆಂದಲ್ಲ. ಬಾಹುಬಲಿ ಒಂದು ವರ್ಷ ಕದಲದೆ ನಿಂತನು. ಬಳ್ಳಿಗಳು ಹಬ್ಬಿದವು, ಹುತ್ತಗಳೆದ್ದವು. ಆದರೂ ಒಳಗೊಂದು ಅಳುಕು ಉಳಿದಿತ್ತೆಂದೂ, ಭರತನು ಬಂದು ಪೂಜಿಸಿದಾಗ ಅದು ಕಳೆದು ಕೇವಲಜ್ಞಾನವಾಯಿತೆಂದೂ ಪುರಾಣವು ಹೇಳುತ್ತದೆ. ಅಂತಹ ಮಹಾಪುರುಷನಿಗೇ ಅಷ್ಟು ಸೂಕ್ಷ್ಮವಾದ ಶಲ್ಯವಿದ್ದರೆ ನಮ್ಮಲ್ಲಿ ಎಷ್ಟಿರಬಹುದು! ದೇಹವನ್ನು ನೋಡುವುದು ಮೊದಲ ಮೆಟ್ಟಿಲು. ನೋಡುತ್ತಿರುವವನು ದೇಹಕ್ಕಿಂತ ಬೇರೆಯೆಂದು ಅರಿಯುವುದು ಮುಂದಿನ ಮೆಟ್ಟಿಲು. ಇದನ್ನೇ ಹಿರಿಯರು ಅನ್ಯತ್ವ ಭಾವನೆ ಎಂದರು.

ಶ್ವೇತಾಂಬರ ತೇರಾಪಂಥದ ಆಚಾರ್ಯ ತುಲಸಿಯವರ ಮಾರ್ಗದರ್ಶನದಲ್ಲಿ, ಮುಂದೆ ಆಚಾರ್ಯ ಮಹಾಪ್ರಜ್ಞರೆನಿಸಿದ ಮುನಿ ನಥಮಲ್ಲರು ರೂಪಿಸಿದ ಧ್ಯಾನಪದ್ಧತಿಗೆ 1975ರಲ್ಲಿ ‘ಪ್ರೇಕ್ಷಾಧ್ಯಾನ’ವೆಂದು ಹೆಸರಾಯಿತು. ಅದರಲ್ಲಿಯೂ ಮೊದಲು ಕಾಯೋತ್ಸರ್ಗ, ಬಳಿಕ ಉಸಿರನ್ನೂ ಶರೀರವನ್ನೂ ನೋಡುವ ಅಭ್ಯಾಸ. ಇಂದು ಅನೇಕರು ಹಣ ತೆತ್ತು ದೂರದ ಶಿಬಿರಗಳಲ್ಲಿ ಕಲಿಯುವುದು ನಮ್ಮ ನಿತ್ಯವಿಧಿಯಲ್ಲಿಯೇ ಇದೆ. ಆದರೆ ನಾವು ಒಂಬತ್ತು ಮಂತ್ರಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿ ಚಪ್ಪಲಿ ಹುಡುಕುತ್ತೇವೆ. ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೇ. ಪ್ರತಿದಿನ ಅಂಗಡಿಯ ಬಾಗಿಲು ತೆರೆಯುವ ಮುನ್ನ, ಅಡಿಗೆಯ ಒಲೆ ಹಚ್ಚುವ ಮುನ್ನ, 27 ಉಸಿರುಗಳ ಕಾಲ ನಿಲ್ಲೋಣ. ನಿಧಾನವಾಗಿ ಮಾಡಿದರೂ ಐದು ನಿಮಿಷ ಹಿಡಿಯದು. ವೃದ್ಧರೂ ಅಶಕ್ತರೂ ಕುಳಿತೇ ಮಾಡಬಹುದು. ದವಡೆ ಬಿಗಿದಿದೆಯೇ, ಮುಷ್ಟಿ ಮುಚ್ಚಿದೆಯೇ, ಉಸಿರು ಅವಸರಿಸುತ್ತಿದೆಯೇ ಎಂದು ನೋಡಿಕೊಳ್ಳೋಣ. ಯಾವ ಕಷಾಯದ ಗುರುತು ಅದೆಂದು ಕೇಳಿಕೊಳ್ಳೋಣ.

ಶಿಲೆಯ ಬಸದಿಯನ್ನು ಶಿಲ್ಪಿಗಳು ಕಟ್ಟಿಕೊಡಬಲ್ಲರು. ಅದರೊಳಗೆ ನಿಲ್ಲುವ ರೀತಿಯನ್ನು ನಾವೇ ಕಲಿಯಬೇಕು. ಜಿನೇಶ್ವರನ ಸನ್ನಿಧಿಯಲ್ಲಿ ಆ ಕಲಿಕೆ ಇಂದೇ ಆರಂಭವಾಗಲಿ.