ಸೋರುವ ಮಾಳಿಗಿಯ ಪದ

(ಸವಣೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಶಿಶುವಿನಹಾಳ ಇಲ್ಲಿಂದ ದೂರಿಲ್ಲ, ಪಕ್ಕದ ಶಿಗ್ಗಾಂವಿ ತಾಲ್ಲೂಕು. 1819ರಲ್ಲಿ ಅಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರ ಒಂದೇ ಒಂದು ಪದದ ಬಗ್ಗೆ ಇವತ್ತು ಮಾತಾಡ್ತೀನಿ: 'ಸೋರುತಿಹುದು ಮನೆಯ ಮಾಳಿಗಿ'. ಶರೀಫರು, ಕಳಸದ ಗೋವಿಂದಭಟ್ಟರು, ಈ ಗುರುಶಿಷ್ಯರ ಕತೆ ನಿಮಗೆ ಗೊತ್ತಿದೆ, ಬಿಡ್ತೀನಿ.

ಪಂಡಿತರು ಹೇಳ್ತಾರೆ, ಮಾಳಿಗಿ ಅಂದರೆ ದೇಹ, ಸೋರೋದು ಅಜ್ಞಾನದಿಂದ ಅಂತ. ಖರೆ, ಅಜ್ಞಾನದ ಮಾತು ಪದದಲ್ಲೇ ಇದೆ. ಆದರೆ ಮಣ್ಣಿನ ಮಾಳಿಗಿ ಕೆಳಗೆ ಮಲಗದವರು ಈ ಪದ ಕಟ್ಟಲು ಸಾಧ್ಯವಿತ್ತೇ? ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹೊಸ ಮಣ್ಣು ಹಾಕಿ ಬಡಿಯಬೇಕು. ತಪ್ಪಿತೋ, ಶ್ರಾವಣದ ಜಿಟಿಜಿಟಿ ಮಳೆಗೆ ಮೊದಲು ಒಂದು ಹನಿ, ಆಮೇಲೆ ಧಾರೆ. ಮೂಲೆಮೂಲೆಗೆ ಪಾತ್ರೆ ಇಟ್ಟು, ಕೌದಿ ಮಡಚಿಕೊಂಡು ರಾತ್ರಿಯೆಲ್ಲಾ ಕೂಡಬೇಕು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ವೇದಾಂತ ಅಲ್ಲ.

ಈ ಪದ ಬಹಳ ಕಾಲ ಉಳಿದದ್ದು ಬಾಯಿಂದ ಬಾಯಿಗೆ, ಏಕತಾರಿ ಹಿಡಿದವರಲ್ಲಿ, ಭಜನಾ ಮೇಳಗಳಲ್ಲಿ. ಊರಿಗೊಂದು ಧಾಟಿ. ಆಮೇಲೆ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸಕ್ತಿ, ಸಿ. ಅಶ್ವಥ್ ಅವರ ಕಂಠ, ಕ್ಯಾಸೆಟ್ಟು. 1990ರಲ್ಲಿ ನಾಗಾಭರಣರ ಸಿನಿಮಾ. 2008ರಲ್ಲಿ ರಘು ದೀಕ್ಷಿತ್ ಇದೇ ಪದವನ್ನು ಗಿಟಾರು ಹಿಡಿದು ಹೊಸ ಹುಡುಗರಿಗೆ ಮುಟ್ಟಿಸಿದರು. ಇದ್ಯಾವುದೂ ತಪ್ಪಲ್ಲ. ಅಶ್ವಥ್ ದನಿಗೆ ನನ್ನ ಮೈಯೂ ಜುಮ್ಮೆನ್ನುತ್ತದೆ. ಆದರೆ ಅಷ್ಟು ವರ್ಷ ಪದವನ್ನು ಸಾಯಗೊಡದೆ ಹಾಡಿದ ಮೇಳದವರ ಹೆಸರು ಎಲ್ಲಿ ಅಚ್ಚಾಯಿತು?

ಇಂಥದೇ ಕತೆ ಅಮೆರಿಕದ ಕಪ್ಪು ಜನರಲ್ಲೂ ಇದೆ. ಟೆಕ್ಸಾಸಿನ ಬ್ಲೈಂಡ್ ವಿಲ್ಲಿ ಜಾನ್ಸನ್ ಕಣ್ಣಿಲ್ಲದವರು, ಬೀದಿಯಲ್ಲಿ ಯೇಸುವಿನ ಪದ ಹಾಡಿ ಹೊಟ್ಟೆ ಹೊರೆದವರು. 1927ರ ಡಿಸೆಂಬರಿನಲ್ಲಿ 'ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್' ಅನ್ನುವ ಪದವನ್ನು ರೆಕಾರ್ಡಿಗೆ ಹಾಡಿದರು. ಹೆಸರು ಬಂದದ್ದು 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಹಾವೀಸ್ ಬರೆದ ಗೀತೆಯಿಂದ. ಜಾನ್ಸನ್ ಪಾದ್ರಿಯ ಮಾತನ್ನೇ ಕೈಬಿಟ್ಟರು. ಬರೀ ಗುನುಗು, ನರಳು, ತಂತಿಯ ಮೇಲೆ ಜಾರುವ ನಾದ. ಅದನ್ನು ಪಸೋಲಿನಿ 1964ರಲ್ಲಿ ಯೇಸುವಿನ ಮೇಲೆ ತೆಗೆದ ಸಿನಿಮಾಕ್ಕೆ ಬಳಸಿದ. ರೈ ಕೂಡರ್ 1984ರ 'ಪ್ಯಾರಿಸ್, ಟೆಕ್ಸಾಸ್' ಚಿತ್ರದ ಸಂಗೀತವನ್ನು ಅದರ ಮೇಲೇ ಕಟ್ಟಿದ. 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಸೇರಿ ಅದು ಆಕಾಶಕ್ಕೇ ಹೋಯಿತು. ರಾತ್ರಿ ಬಿದ್ದಾಗ ಮಲಗಲು ಜಾಗವಿಲ್ಲದವನ ಸಂಕಟ ಅದರಲ್ಲಿದೆ ಎಂದು ಆರಿಸಿದವರು ಹೇಳಿದರು. ಹಾಡಿದವರು 1945ರಲ್ಲೇ ಸತ್ತಿದ್ದರು. ಮನೆಗೆ ಬೆಂಕಿ ಬಿದ್ದು, ಬೇರೆ ದಿಕ್ಕಿಲ್ಲದೆ, ಆ ಸುಟ್ಟ ಮನೆಯಲ್ಲೇ ಒದ್ದೆ ಹಾಸಿಗೆ ಮೇಲೆ ಮಲಗಿದೆವು ಅಂತ ಹೆಂಡತಿ ಏಂಜೆಲಿನ್ ಆಮೇಲೆ ಹೇಳಿದ್ದಾರೆ.

ಈಗ ಸವಣೂರಿಗೆ ಬರ್ತೀನಿ. 2010ರ ಜುಲೈ ತಿಂಗಳು. ಕೈಯಿಂದ ಮಲ ಬಳಿಸುವುದಕ್ಕೆ 1993ರಲ್ಲೇ ಕಾನೂನಿನ ನಿಷೇಧ ಬಂದಿತ್ತು. ಆದರೂ ಅದೇ ಕೆಲಸದಲ್ಲಿದ್ದ ಈ ಊರಿನ ಭಂಗಿ ಜನ, ಇದ್ದ ಮನೆಗಳಿಂದ ನಮ್ಮನ್ನು ಎಬ್ಬಿಸಬೇಡಿ ಅಂತ ಪುರಸಭೆ ಮುಂದೆ ಮಲವನ್ನು ತಮ್ಮ ಮೈಗೇ ಬಳಿದುಕೊಂಡರು. ಅವರ ಜಗಳ ದೇಹವೆಂಬ ಮನೆಯದಲ್ಲ. ಗೋಡೆ ಇದ್ದ, ಸೂರು ಇದ್ದ ಮನೆಯದು. ಶರೀಫರ ಪದವನ್ನು ಸವಣೂರಿನಲ್ಲಿ ಹಾಡುವಾಗ ನನಗೆ ಈ ಅರ್ಥ ಬಿಟ್ಟು ಮುಂದೆ ಹೋಗಲಿಕ್ಕೆ ಆಗೋದಿಲ್ಲ.

ನಿಮ್ಮಲ್ಲಿ ಹಾಡುವವರು ಬಹಳ ಇದ್ದೀರಿ. ರಜೆಗೆ ಊರಿಗೆ ಹೋದಾಗ ಮೇಳದ ಅಜ್ಜ, ಸೋಬಾನೆಯ ಅಮ್ಮ ಯಾರಿದ್ದಾರೋ ಅವರ ಹತ್ತಿರ ಕೂತು ಈ ಪದ ಹಾಡಿಸಿ. ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಯಾರಿಂದ ಕಲಿತಿರಿ ಅಂತ ಕೇಳಿ, ಆ ಹೆಸರನ್ನೂ ಕೇರಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ವೇದಿಕೆ ಹತ್ತಿದಾಗ ಮೊದಲು ಆ ಹೆಸರು ಹೇಳಿ, ಆಮೇಲೆ ಹಾಡಿ.

ಹಲಗೆ ತಂದವರು ಮುಂದೆ ಬರ್ರಿ. ಪದ ಶುರು ಮಾಡೋಣ.