ಕಡಲ ತಳದ ಚೀಲ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಇದೇ ಮೇಜಿನ ಬಳಿ ಒಂದು ವಾದ ನಡೆಯಿತು. ಕೂವಂ ಹೊಳೆಗೆ ಬಿದ್ದ ಪ್ಲಾಸ್ಟಿಕ್ ಚೀಲ ಸಮುದ್ರ ಸೇರಿದರೇನಂತೆ, ಉಪ್ಪುನೀರು ಕಬ್ಬಿಣವನ್ನೇ ತಿನ್ನುತ್ತದೆ, ಈ ತೆಳು ಚೀಲ ಉಳಿದೀತೆ ಎಂದರು ಹಿರಿಯರೊಬ್ಬರು. ನನಗೂ ಹಾಗೆಯೇ ತೋರಿತ್ತು. ಆಮೇಲೆ ಓದಿ ನೋಡಿದೆ. ನಮ್ಮಿಬ್ಬರ ಎಣಿಕೆಯೂ ತಪ್ಪು.

ಪಾಲಿಥೀನ್ ಎಂಬುದು ಇಂಗಾಲ, ಜಲಜನಕಗಳ ಉದ್ದನೆಯ ಸರಪಳಿ. 1933ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿದ ವಸ್ತು. ಅದರಿಂದ ಹಿಡಿಯುಳ್ಳ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥೂಲಿನ್, 1960ರ ದಶಕದಲ್ಲಿ. ಎಂದರೆ ಅತಿ ಹಳೆಯ ಚೀಲಕ್ಕೂ ಈಗಷ್ಟೆ ಷಷ್ಟ್ಯಬ್ದಿ! ಐನೂರು ವರ್ಷ, ಸಾವಿರ ವರ್ಷ ಎನ್ನುವುದೆಲ್ಲ ಅಂದಾಜಿನ ಲೆಕ್ಕವೇ ಹೊರತು ಕಂಡವರಿಲ್ಲ.

ಈ ಸರಪಳಿಯನ್ನು ಉಪ್ಪು ಕಡಿಯಲಾರದು. ಬಿಸಿಲಿನ ನೇರಳಾತೀತ ಕಿರಣ, ಆಮ್ಲಜನಕ, ಶಾಖ, ಈ ಮೂರೂ ಕೂಡಬೇಕು. ಮೆರೀನಾದ ಮರಳಿನ ಮೇಲೆ ಬಹುಕಾಲ ಬಿಸಿಲುಂಡ ಚೀಲ ಮುಟ್ಟಿದರೆ ಪುಡಿಯಾಗುವುದು ಇದರಿಂದಲೇ. ಚೀಲ ನೀರಿಗಿಂತ ಹಗುರ; ಮೊದಲು ತೇಲುತ್ತದೆ. ಪಾಚಿ, ಚಿಪ್ಪಿನ ಹುಳು ಅಂಟಿಕೊಂಡ ಮೇಲೆ ಭಾರವಾಗಿ ಮುಳುಗುತ್ತದೆ. ಇನ್ನೂರು ಮೀಟರಿನ ಕೆಳಗೆ ಬಿಸಿಲು ಇಲ್ಲವೆಂದೇ ಹೇಳಬೇಕು. ತೀರ ಆಳದಲ್ಲಿ ಕೊರೆಯುವ ಚಳಿ. ನಮ್ಮ ಬಂಗಾಳ ಕೊಲ್ಲಿಯಲ್ಲಂತೂ ಕೆಲವು ನೂರು ಮೀಟರ್ ಆಳದಲ್ಲಿ ಆಮ್ಲಜನಕವೇ ಅತಿ ಕಡಿಮೆಯಾದ ಒಂದು ಪದರವಿದೆ.

ನಮ್ಮ ಕಡೆ ಹಿಂದೆ ರಾಗಿ, ಜೋಳಗಳನ್ನು ಹಗೇವಿನಲ್ಲಿ ಮುಚ್ಚಿಡುತ್ತಿದ್ದರಲ್ಲವೆ? ಬೆಳಕಿಲ್ಲ, ಗಾಳಿಯಿಲ್ಲ; ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಡಲ ತಳ ಚೀಲಕ್ಕೆ ಹಗೇವು. ಮೇಲೆ ಹೂಳು ಕುಳಿತರೆ ಇನ್ನೂ ಭದ್ರ.

ಮರಿಯಾನಾ ಕಂದಕದಲ್ಲಿ, 10,898 ಮೀಟರ್ ಆಳದಲ್ಲಿ, 1998ರಲ್ಲಿ ತೆಗೆದ ಚಿತ್ರದಲ್ಲಿ ಒಂದು ಚೀಲ ಕಾಣುತ್ತದೆ. ಜಪಾನಿನ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ‘ಕೊಳೆಯುವ ಚೀಲ’ ಎಂಬ ಚೀಟಿಯನ್ನೂ ನಂಬಬೇಡಿ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಅಂಥದೊಂದನ್ನು ಮೂರು ವರ್ಷ ಸಮುದ್ರದಲ್ಲಿಟ್ಟು ತೆಗೆದರು. 2019ರಲ್ಲಿ ಪ್ರಕಟವಾದ ಅವರ ವರದಿಯಂತೆ ಅದು ಸಂತೆಯ ಸಾಮಾನನ್ನು ಹೊರುವಷ್ಟು ಗಟ್ಟಿಯಾಗಿಯೇ ಇತ್ತು.

ಒಡೆದರೂ ಮಾಯವಾಗುವುದಿಲ್ಲ. ಐದು ಮಿಲಿಮೀಟರಿಗಿಂತ ಸಣ್ಣ ಚೂರುಗಳಾಗಿ ಸಿಗಡಿ, ಮೀನುಗಳ ಹೊಟ್ಟೆ ಸೇರುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ನಮ್ಮ ದಡಕ್ಕೆ ಮೊಟ್ಟೆಯಿಡಲು ಆಲಿವ್ ರಿಡ್ಲಿ ಆಮೆಗಳು ಬರುತ್ತವೆ. ತೇಲುವ ಚೀಲವನ್ನು ಲೋಳೆಮೀನೆಂದು ನುಂಗಿದ ಆಮೆಗೆ ಅದು ಅರಗುವುದಿಲ್ಲ.

ತಮಿಳುನಾಡಿನಲ್ಲಿ 1-1-2019ರಿಂದ ಈ ಚೀಲಕ್ಕೆ ನಿಷೇಧವಿದೆ. ಆದರೂ ಬಾಡಿಗೆ ಕೋಣೆಯ ನಾವು ರಾತ್ರಿ ಸಾಂಬಾರನ್ನು ಏತರಲ್ಲಿ ಕಟ್ಟಿಸಿಕೊಂಡು ಬರುತ್ತೇವೆ? ನಾನೂ ಅದರಲ್ಲಿ ಒಬ್ಬ. ತಿಂಗಳಿಗೆ ಮೂವತ್ತು ಎಂದು ಲೆಕ್ಕ ಹಾಕಿ ನಾಚಿಕೆಯಾಯಿತು. ಈಗ ಮುಚ್ಚಳದ ಸ್ಟೀಲು ಡಬ್ಬಿ ಒಯ್ಯುತ್ತೇನೆ. ಮೆಸ್ಸಿನವರು ಮೊದಲೆರಡು ದಿನ ನಕ್ಕರು. ಈಗ ಡಬ್ಬಿ ದೊಡ್ಡದೆಂದು ಅರ್ಧ ಸೌಟು ಹೆಚ್ಚಿಗೆ ಹಾಕುತ್ತಾರೆ.